ಪೆಟ್ರೋಲಿನ ತರತಮ

ಅನ್ನಕ್ಕೆ ಯಾವ ಅಕ್ಕಿ ಒಳ್ಳೆಯದು, ಕೂಸಿಗೆ ಯಾವ ಹಾಲು ಹಿತ, ಉಪ್ಪಿನಕಾಯಿಗೆ ಯಾವ ಎಣ್ಣೆ ಒಪ್ಪುವುದು ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಆದರೆ ಮನೆಯ ಮುಂದೆ ನಿಂತಿರುವ ಮೋಟಾರ್ ಸೈಕಲ್ಲಿಗೆ ಯಾವ ಪೆಟ್ರೋಲು ಹಿತವೆಂಬ ಪ್ರಶ್ನೆ ಬಂದರೆ, ಅದು ಹುಡುಗರ ವಿಷಯವೆಂದು ಹಿರಿಯರು ಸುಮ್ಮನಾಗುವರು. ಈ ಮೌನವು ಸರಿಯಲ್ಲವೆಂದು ನಮಗೆ ಈಗ ತೋರುತ್ತದೆ. ನಮ್ಮ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ಲು ಈಗ ಭೋಗದ ವಸ್ತುವಾಗಿ ಉಳಿದಿಲ್ಲ. ಹಾಲಿನ ಕ್ಯಾನು, ರೇಷ್ಮೆಗೂಡಿನ ಚೀಲ, ಶಾಲೆಗೆ ಹೋಗುವ ಮಗು, ಆಸ್ಪತ್ರೆಗೆ ಹೋಗುವ ಮುದುಕಿ, ಇವರೆಲ್ಲರ ಭಾರವನ್ನೂ ಹೊರುವ ಅದು ಮನೆಯ ಎತ್ತಿಗೆ ಸಮಾನವಾಗಿದೆ. ಎತ್ತಿನ ಮೇವನ್ನು ವಿಚಾರಿಸುವ ಮನೆಯವರು ಇದರ ಮೇವನ್ನೂ ವಿಚಾರಿಸಬೇಕಷ್ಟೆ.

ನಮ್ಮ ವಾಸವು ಸೂಲಿಬೆಲೆಯಲ್ಲಿ. ಇದು ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ. ಇದೇ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ದೊಡ್ಡ ದೊಡ್ಡ ಉಗ್ರಾಣಗಳಿವೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಸುಮಾರು ೩೬೦ ಕಿಲೋಮೀಟರು ನೆಲದೊಳಗೆ ಹರಿದು ಬರುವ ಕೊಳವೆಯು ಅಲ್ಲಿಗೆ ಬಂದು ಮುಟ್ಟುವುದು. ಅದು ೨೦೦೩ರಲ್ಲಿ ಕೆಲಸಕ್ಕೆ ಬಂದಿತು. ಅಲ್ಲಿಂದ ಟ್ಯಾಂಕರು ಲಾರಿಗಳು ತೈಲವನ್ನು ತುಂಬಿಕೊಂಡು ಊರೂರಿನ ಬಂಕುಗಳಿಗೆ ಹೊರಡುತ್ತವೆ. ಹೀಗೆ ಕಣಜದ ನೆರೆಯಲ್ಲಿಯೇ ಇದ್ದುಕೊಂಡು, ಕಣಜದೊಳಗಿರುವ ಪದಾರ್ಥದ ಗುಣಾಗುಣಗಳನ್ನು ಅರಿಯದೆ ನಾವು ಬಹುಕಾಲ ಕಳೆದೆವು. ಅರಿಯದೆ ಇದ್ದುದಷ್ಟೇ ಆದರೆ ಚಿಂತೆ ಇರಲಿಲ್ಲ. ಅರಿತವರಂತೆ ಒಂದು ತೀರ್ಪನ್ನೂ ಕೊಟ್ಟೆವು. ಅದರ ಕಥೆಯನ್ನು ಹೇಳುವುದಕ್ಕಾಗಿಯೇ ಈ ಲೇಖನ.

೨೦೨೨ರ ಮಾತು. ನಮ್ಮಲ್ಲಿ ಓದಿದ್ದ ಹುಡುಗನೊಬ್ಬನು ಹೊಸಕೋಟೆಯ ಕಡೆ ಒಂದು ಕೆಲಸಕ್ಕೆ ದಿನವೂ ಹೋಗಿಬರುತ್ತಿದ್ದನು. ತಂದೆ ತೀರಿಕೊಂಡಿದ್ದನು. ಆತನು ಬಿಟ್ಟುಹೋದ ನೂರು ಸಿ.ಸಿ. ಮೋಟಾರ್ ಸೈಕಲ್ಲೇ ಹುಡುಗನ ವಾಹನ. ತಾಯಿಯು ಎರಡು ಹಸುಗಳನ್ನು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ಒಂದು ಸಂಜೆ ತಾಯಿಮಕ್ಕಳಿಬ್ಬರೂ ನಮ್ಮ ಜಗಲಿಗೆ ಬಂದು ಕುಳಿತರು.

“ಮೇಷ್ಟ್ರೇ, ಇವನು ದುಬಾರಿ ಪೆಟ್ರೋಲೇ ಬೇಕು ಅಂತಾನೆ. ಲೀಟರಿಗೆ ಐದಾರು ರೂಪಾಯಿ ಜಾಸ್ತಿ. ಹಾಲಿನ ದುಡ್ಡು ಬಂದಿದ್ದು ಬಂದ ಹಾಗೆ ಹೋಗ್ತದೆ. ನೀವೊಂದು ಮಾತು ಹೇಳಿ,” ಎಂದಳು ತಾಯಿ.

“ಸಾದಾ ಪೆಟ್ರೋಲು ಹಾಕಿದರೆ ಏರಿನಲ್ಲಿ ಗಾಡಿ ಟಕಟಕ ಅನ್ನುತ್ತೆ ಮೇಷ್ಟ್ರೇ. ತೊಂಬತ್ತೈದು ಹಾಕಿದರೆ ಸುಮ್ಮನಾಗುತ್ತೆ. ಒಳ್ಳೇ ಪೆಟ್ರೋಲು ಹಾಕಿದರೆ ಎಂಜಿನ್ನಿಗೂ ಒಳ್ಳೇದಲ್ಲವೇ?” ಎಂದನು ಮಗ.

ಹುಡುಗನ ಮಾತು ನಮಗೆ ಯುಕ್ತಿಯುಕ್ತವಾಗಿ ಕಂಡಿತು. ಪದಾರ್ಥಗಳಲ್ಲಿ ಉತ್ತಮ, ಮಧ್ಯಮ, ಅಧಮಗಳೆಂಬ ಭೇದವುಂಟು. ಉತ್ತಮವನ್ನು ಆರಿಸಿದವನು ಕೆಡುವುದಿಲ್ಲ. ಇಷ್ಟೇ ನಮ್ಮ ತರ್ಕ. “ಹೋಗಲಿ ಬಿಡು ತಾಯಿ, ಒಳ್ಳೆಯದಕ್ಕೆ ಕೊಟ್ಟ ದುಡ್ಡು ದಂಡವಲ್ಲ,” ಎಂದೆವು. ಆಕೆ ಏನೂ ಆಡದೆ ಸೆರಗನ್ನು ಸರಿಮಾಡಿಕೊಂಡು ಎದ್ದುಹೋದಳು. ಆ ತೀರ್ಪಿನ ಫಲವನ್ನು ಮುಂದೆ ಹೇಳುವೆವು. ಅದು ತಿಳಿಯಬೇಕಾದರೆ ತೊಂಬತ್ತೊಂದು, ತೊಂಬತ್ತೈದು ಎಂಬ ಈ ಅಂಕಿಗಳ ಅರ್ಥವು ಮೊದಲು ತಿಳಿಯಬೇಕು.

ಮೋಟಾರ್ ಸೈಕಲ್ಲಿನ ಎಂಜಿನ್ನಿನಲ್ಲಿ ನಡೆಯುವುದಿಷ್ಟು. ಪೆಟ್ರೋಲಿನ ಆವಿಯೂ ಗಾಳಿಯೂ ಕೂಡಿ ಸಿಲಿಂಡರೆಂಬ ಉರುಳೆಯೊಳಕ್ಕೆ ಬರುತ್ತವೆ. ಪಿಸ್ಟನ್ನು ಮೇಲಕ್ಕೆ ಬಂದು ಈ ಮಿಶ್ರಣವನ್ನು ಅದುಮುತ್ತದೆ. ಇಂದಿನ ಸಾಮಾನ್ಯ ವಾಹನಗಳಲ್ಲಿ ಹತ್ತು ಪಾಲು ಇದ್ದ ಜಾಗವು ಸುಮಾರು ಒಂದು ಪಾಲಿಗೆ ಇಳಿಯುವಷ್ಟು ಅದುಮುವುದುಂಟು. ಅದುಮಿದ ವಾಯು ಬಿಸಿಯೇರುವುದು ಸಹಜ. ಸೈಕಲ್ಲಿನ ಪಂಪನ್ನು ಒತ್ತಿದವರು ಅದರ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿರಬಹುದು. ಆ ಸಮಯದಲ್ಲಿ ಪ್ಲಗ್ಗು ಕಿಡಿ ಕೊಡುತ್ತದೆ. ಕಿಡಿ ತಾಕಿದ ಕಡೆಯಿಂದ ಜ್ವಾಲೆಯು ಕ್ರಮವಾಗಿ ಹಬ್ಬಿ, ಉಬ್ಬಿದ ಬಿಸಿವಾಯುವು ಪಿಸ್ಟನ್ನನ್ನು ಕೆಳಕ್ಕೆ ತಳ್ಳಬೇಕು. ಇದು ಧರ್ಮ.

ಆದರೆ ಕೆಲವು ವೇಳೆ, ಜ್ವಾಲೆಯು ಬಂದು ತಲುಪುವುದಕ್ಕೆ ಮುಂಚೆಯೇ, ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡವನ್ನೂ ಕಾವನ್ನೂ ತಾಳಲಾರದೆ ತಾನಾಗಿ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆಗ ಏಳುವ ಒತ್ತಡದ ಅಲೆಯು ಲೋಹದ ಗೋಡೆಗಳಿಗೆ ಬಡಿಯುತ್ತದೆ. ಅದರ ಸದ್ದೇ ಆ ಟಕಟಕ. ಮೆಕ್ಯಾನಿಕ್ಕುಗಳು ಇದನ್ನು ನಾಕಿಂಗ್ ಎನ್ನುವರು. ಸ್ವಲ್ಪ ಹೊತ್ತಿನ ಸದ್ದಿನಿಂದ ಹಾನಿಯಿಲ್ಲ. ಬಲವಾಗಿ ದಿನವೂ ನಡೆದರೆ ಪಿಸ್ಟನ್ನು ಸವೆದು, ಕೊನೆಗೆ ತೂತು ಬೀಳುವುದೂ ಉಂಟು.

ಈ ಅಕಾಲಜ್ವಲನವನ್ನು ತಡೆದುಕೊಳ್ಳುವ ಗುಣವು ಎಲ್ಲ ಪೆಟ್ರೋಲಿಗೂ ಸಮನಾಗಿಲ್ಲ. ಅದನ್ನು ಅಳೆಯುವುದಕ್ಕಾಗಿ ೧೯೨೦ರ ದಶಕದಲ್ಲಿ ಅಮೆರಿಕದ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಮಾನವನ್ನು ಏರ್ಪಡಿಸಿದರು. ಬಹಳ ತಾಳುವ ಐಸೊ ಆಕ್ಟೇನ್ ಎಂಬ ದ್ರವಕ್ಕೆ ೧೦೦ ಎಂದೂ, ಸ್ವಲ್ಪವೂ ತಾಳದ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ ಎಂದೂ ಇಟ್ಟರು. ಯಾವ ಪೆಟ್ರೋಲು ಇವೆರಡರ ೯೧ಕ್ಕೆ ೯ರ ಮಿಶ್ರಣದಷ್ಟು ತಾಳುವುದೋ ಅದು ೯೧ ಆಕ್ಟೇನ್. ೯೫ಕ್ಕೆ ೫ರ ಮಿಶ್ರಣದಷ್ಟು ತಾಳುವುದೋ ಅದು ೯೫. ಮಕ್ಕಳು ಅಮೆರಿಕದಲ್ಲಿರುವ ಮನೆಗಳವರು ಅಲ್ಲಿನ ಬಂಕಿನಲ್ಲಿ ೮೭ ಎಂಬ ಅಂಕಿಯನ್ನು ಕಂಡು, ಅಲ್ಲಿನದು ಕೀಳೆಂದು ಭಾವಿಸಬಾರದು. ಅವರು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುವರು. ಅಲ್ಲಿನ ೮೭ ಇಲ್ಲಿನ ೯೧ಕ್ಕೆ ಹತ್ತಿರ ಹತ್ತಿರ ಸಮ.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಯಿತು. ಆಕ್ಟೇನ್ ಅಂಕಿಯು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ಶುದ್ಧಿಯ ಅಳತೆಯೂ ಅಲ್ಲ. ಅದು ತಾಳ್ಮೆಯ ಅಳತೆ. ನಮ್ಮವರು ತಿತಿಕ್ಷೆ ಎಂದು ಕರೆಯುವ ಗುಣವುಂಟಷ್ಟೆ, ಅದೇ ಇದು. ಹೆಚ್ಚು ಅಂಕಿಯ ಪೆಟ್ರೋಲಿನಲ್ಲಿ ಹೆಚ್ಚು ಉರಿ ಇದೆಯೆಂದು ನಂಬಿರುವವರು ಬಹಳ ಮಂದಿ. ನಿಜವೇನೆಂದರೆ, ಅದು ಸುಲಭವಾಗಿ ತಾನಾಗಿ ಹೊತ್ತದೆ ಇರುವ ಪೆಟ್ರೋಲು.

ಹಾಗಾದರೆ ಈ ತಾಳ್ಮೆ ಯಾರಿಗೆ ಬೇಕು? ಹೆಚ್ಚಾಗಿ ಅದುಮುವ ಎಂಜಿನ್ನಿಗೆ ಬೇಕು. ಓಟದ ವಾಹನಗಳಲ್ಲಿಯೂ, ಬೆಲೆ ಬಾಳುವ ಕೆಲವು ದೊಡ್ಡ ಮೋಟಾರ್ ಸೈಕಲ್ಲುಗಳಲ್ಲಿಯೂ ಅದುಮುವ ಪ್ರಮಾಣವು ಹನ್ನೆರಡು, ಹದಿಮೂರರವರೆಗೆ ಏರುವುದುಂಟು. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸವನ್ನು ಹಿಂಡಬಹುದು. ಆದಕಾರಣ ಅವುಗಳನ್ನು ಹಾಗೆ ರಚಿಸುವರು. ಇಂಥ ಕೆಲವು ಯಂತ್ರಗಳಲ್ಲಿ ಬಡಿತವನ್ನು ಕೇಳಿಸಿಕೊಂಡು ಕಿಡಿಯ ಹೊತ್ತನ್ನು ಹಿಂದುಮುಂದು ಮಾಡುವ ಉಪಕರಣವೂ ಇರುತ್ತದೆ. ಅಂಥವಕ್ಕೆ ೯೫ ಬೇಕೆಂದು ತಯಾರಕರು ಬರೆದಿದ್ದರೆ ೯೫ನ್ನೇ ಹಾಕತಕ್ಕದ್ದು. ಅಲ್ಲಿ ಉಳಿತಾಯ ಮಾಡಹೋದರೆ ಕೇಡು. ಆದರೆ ನಮ್ಮ ಹಳ್ಳಿಗಳಲ್ಲಿ ಓಡುವ ನೂರು, ನೂರಿಪ್ಪತ್ತೈದು ಸಿ.ಸಿ. ವಾಹನಗಳು ಸಾದಾ ಪೆಟ್ರೋಲಿಗಾಗಿಯೇ ರಚಿತವಾದವು. ಅವಕ್ಕೆ ೧೦೦ ಆಕ್ಟೇನಿನದನ್ನು ಕುಡಿಸಿದರೂ ಅವು ಒಂದು ಮೈಲಿ ಹೆಚ್ಚು ಓಡಲಾರವು. ಶಾಸ್ತ್ರದಲ್ಲಿ ಅಧಿಕಾರಿಭೇದವೆಂಬ ಮಾತುಂಟು. ಒಬ್ಬನಿಗೆ ವಿಹಿತವಾದುದು ಇನ್ನೊಬ್ಬನಿಗೆ ವಿಹಿತವಲ್ಲ. ವಸ್ತುವಿನ ಮೇಲ್ಮೆಯನ್ನು ಮಾತ್ರ ನೋಡದೆ ಅದನ್ನು ಸ್ವೀಕರಿಸುವವನನ್ನೂ ನೋಡಬೇಕು. ಇದನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ ನಾವು, ಜಗಲಿಯ ಮೇಲೆ ಕುಳಿತಾಗ ಮರೆತೆವು.

ಇನ್ನೊಂದು ಸಂಗತಿ. ಬೆಂಗಳೂರಿನ ಸುತ್ತಣ ಈ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಕೊಂಚ ತೆಳುವು. ಸಿಲಿಂಡರಿನೊಳಗೆ ಸೇರುವ ಗಾಳಿ ಕಡಿಮೆಯಾದರೆ ಒತ್ತಡವೂ ಕಡಿಮೆ, ಬಡಿಯುವ ಸಂಭವವೂ ಕಡಿಮೆ. ಮಂಗಳೂರಿನಲ್ಲಿ ಸುಮ್ಮನಿರುವ ಎಂಜಿನ್ನು ಸೂಲಿಬೆಲೆಯಲ್ಲಿ ಬಡಿಯುವುದಕ್ಕೆ ಕಾರಣವೇ ಇಲ್ಲ. ಬಡಿಯಿತೆಂದರೆ ಅಲ್ಲಿ ಬೇರೆ ಏನೋ ನಡೆದಿದೆ.

ಆಕ್ಟೇನನ್ನು ಏರಿಸುವ ಆತುರದಲ್ಲಿ ಲೋಕವು ಒಮ್ಮೆ ದೊಡ್ಡ ದಂಡವನ್ನು ತೆತ್ತಿತೆಂಬುದನ್ನೂ ಇಲ್ಲಿ ನೆನೆಯಬೇಕು. ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಎಂಬವರು, ಸೀಸದ ಒಂದು ಸಂಯುಕ್ತವನ್ನು ಕೊಂಚವೇ ಬೆರೆಸಿದರೆ ಬಡಿತವು ನಿಲ್ಲುವುದೆಂದು ಕಂಡುಹಿಡಿದರು. ೧೯೨೩ರಿಂದ ಅದು ಮಾರಾಟಕ್ಕೆ ಬಂದು ದೇಶದೇಶಗಳಿಗೆ ಹಬ್ಬಿತು. ಎಂಜಿನ್ನುಗಳು ಸುಮ್ಮನಾದವು, ಸೀಸವು ಹೊಗೆಯೊಡನೆ ಬೀದಿಗೆ ಬಂದಿತು. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುವುದೆಂಬುದು ಎಲ್ಲರ ಮನಸ್ಸಿಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ನಮ್ಮ ದೇಶದಲ್ಲಿ ೨೦೦೦ನೆಯ ಇಸವಿ ಫೆಬ್ರವರಿ ೧ರಿಂದ ಸೀಸದ ಪೆಟ್ರೋಲು ಎಲ್ಲೆಡೆಯೂ ನಿಂತಿತು. ರಸ್ತೆಯ ವಾಹನಗಳಿಗೆ ಅದನ್ನು ಕೊನೆಯಲ್ಲಿ ಬಿಟ್ಟ ದೇಶ ಅಲ್ಜೀರಿಯ, ಅದು ೨೦೨೧ರಲ್ಲಿ. ಬಡಿತವನ್ನು ಅಡಗಿಸುವುದೂ ರೋಗವನ್ನು ವಾಸಿಮಾಡುವುದೂ ಒಂದೇ ಅಲ್ಲವೆಂಬ ಪಾಠವು ಲೋಕಕ್ಕೆ ಹೀಗೆ ಆಯಿತು. ನಮಗೂ ಆಯಿತು, ಅದನ್ನು ಈಗ ಹೇಳುವೆವು.

ನಾವು ತೀರ್ಪು ಕೊಟ್ಟ ಆರು ತಿಂಗಳ ಬಳಿಕ ಒಂದು ದಿನ ಹುಡುಗನು ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊಸಕೋಟೆಯ ಆಸ್ಪತ್ರೆಗೆ ಹೊರಟಿದ್ದನು. ದಾರಿಯಲ್ಲಿ ಎಂಜಿನ್ನು ಥಟ್ಟನೆ ಹಿಡಿದುಕೊಂಡಿತು. ಹಿಂದಿನ ಚಕ್ರವು ಸುತ್ತದೆ ಜಾರಿತು. ಇಬ್ಬರೂ ಬಿದ್ದರು. ಹಿಂದೆ ಲಾರಿ ಬರದೆ ಇದ್ದುದು ಅವರ ಪುಣ್ಯ. ಹುಡುಗನಿಗೆ ತರಚುಗಾಯ, ತಾಯಿಗೆ ಮಣಿಕಟ್ಟಿನ ಮೂಳೆ ಬಿರುಕು. ಆರು ವಾರ ಆಕೆ ಹಾಲು ಕರೆಯಲಾರದೆ ಹೋದಳು.

ಎಂಜಿನ್ನನ್ನು ಬಿಚ್ಚಿದ ದಿನ ನಾವೂ ಹೋಗಿ ಮೆಕ್ಯಾನಿಕ್ಕಿನ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆವು. ಆತನು ಪಿಸ್ಟನ್ನನ್ನು ತೆಗೆದು ಬಟ್ಟೆಯಲ್ಲಿ ಒರಸಿ ನಮ್ಮ ಕೈಗೆ ಕೊಟ್ಟನು. ಮೇಲ್ಭಾಗದಲ್ಲಿ ದೋಸೆಯ ಕಾವಲಿಯ ಅಂಚಿಗೆ ಹತ್ತುವಂತೆ ಕರಿಯ ಗಟ್ಟಿ ಮಸಿ ಹತ್ತಿತ್ತು. ಪಕ್ಕಗಳು ಗೀರುಬಿದ್ದು ಹೋಗಿದ್ದವು.

“ನೋಡಿ ಸ್ವಾಮಿ, ರಿಂಗು ಸವೆದು ಎಂಜಿನ್ ಆಯಿಲು ಮೇಲಕ್ಕೆ ಬರ್ತಿತ್ತು. ಆಯಿಲು ಸುಟ್ಟು ಮಸಿ ಕಟ್ಟಿದೆ. ಮಸಿ ಕಟ್ಟಿದ್ದಕ್ಕೇ ಗಾಡಿ ಬಡಿಯೋದು. ಅದನ್ನ ಕೇಳಿದಾಗಲೇ ತಂದಿದ್ದರೆ ಸಣ್ಣ ಕೆಲಸ. ದುಬಾರಿ ಪೆಟ್ರೋಲು ಹಾಕಿ ಸದ್ದು ನಿಲ್ಲಿಸಿಕೊಂಡ. ಒಳಗೆ ಆಯಿಲು ಮುಗೀತಾ ಬಂತು, ಕೊನೆಗೆ ಪಿಸ್ಟನ್ನು ಹಿಡ್ಕೊಂಡಿತು,” ಎಂದನು.

ಹುಡುಗನು ತಲೆ ತಗ್ಗಿಸಿ, “ಒಳ್ಳೇ ಪೆಟ್ರೋಲು ಹಾಕ್ತಿದ್ದೀನಲ್ಲ, ಆಯಿಲು ನೋಡೋದು ಏನು ಬೇಕು ಅಂದ್ಕೊಂಡೆ,” ಎಂದನು.

ಇದರ ಮರ್ಮವನ್ನು ವಾಚಕರು ಗಮನಿಸಬೇಕು. ಮಸಿಯು ಪಿಸ್ಟನ್ನಿನ ಮೇಲೆ ಗಟ್ಟಿಯಾದಂತೆ ಒಳಗಣ ಅವಕಾಶವು ಕಿರಿದಾಗುತ್ತದೆ. ಅದುಮುವ ಪ್ರಮಾಣವು ಏರುತ್ತದೆ. ಮಸಿಯ ಕಾವೂ ಸೇರಿ ಮಿಶ್ರಣವು ಅಕಾಲದಲ್ಲಿ ಹೊತ್ತುತ್ತದೆ. ಮೇಲಕ್ಕೆ ಬಂದ ಆಯಿಲಿನ ಹನಿಗಳು ಪೆಟ್ರೋಲಿನ ತಾಳ್ಮೆಯನ್ನೂ ಇಳಿಸುತ್ತವೆ. ಇಷ್ಟು ಕಾರಣಗಳಿಂದ ಬಂದ ಸದ್ದು, ಮನೆಯೊಳಗೆ ಕಳ್ಳನು ಹೊಕ್ಕಿರುವನೆಂದು ಬೊಗಳುವ ನಾಯಿಯ ಸದ್ದಿನಂಥದು. ೯೫ರ ಪೆಟ್ರೋಲು ಆ ನಾಯಿಯನ್ನು ಸುಮ್ಮನಾಗಿಸಿತು. ಕಳ್ಳನು ಒಳಗೇ ಉಳಿದನು. ಪೆಟ್ರೋಲಿನಲ್ಲಿ ದೋಷವಿರಲಿಲ್ಲ. ಅದು ತಾನು ಮಾಡಬೇಕಾದ ಕೆಲಸವನ್ನು ಸರಿಯಾಗಿಯೇ ಮಾಡಿತು. ದೋಷವು ಅದನ್ನು ಔಷಧವೆಂದು ಬಗೆದ ನಮ್ಮದು. ಲೀಟರಿಗೆ ಐದಾರು ರೂಪಾಯಿಯಂತೆ ವರ್ಷಕ್ಕೆ ಎರಡು ಸಾವಿರದಷ್ಟು ಹೋಗಬಹುದೆಂದು ತಾಯಿ ಅಂಜಿದ್ದಳು. ಹೋದುದು ಅದಕ್ಕಿಂತ ಬಹಳ ಹೆಚ್ಚು. ಆಕೆಯ ಮನೆಗೆ ಹೋಗಿ, “ತಾಯಿ, ಅಂದು ನಿನ್ನ ಮಾತೇ ಸರಿಯಾಗಿತ್ತು, ನಾವು ತಿಳಿಯದೆ ಹೇಳಿದೆವು,” ಎಂದು ಒಪ್ಪಿಕೊಂಡೆವು. ಆಕೆ ನಕ್ಕು, “ನೀವು ಪಾಠ ಹೇಳಿದವರು ಮೇಷ್ಟ್ರೇ, ಗಾಡಿ ಬಿಚ್ಚಿದವರಲ್ಲವಲ್ಲ,” ಎಂದಳು. ಆ ನಗೆಯು ಬೈಗುಳಕ್ಕಿಂತ ಹೆಚ್ಚಾಗಿ ನಮ್ಮನ್ನು ಚುಚ್ಚಿತು.

ಈಗಿನ ಸ್ಥಿತಿಗೆ ಬರೋಣ. ೨೦೨೨ರಿಂದೀಚೆಗೆ ಬಂಕಿನ ಪೆಟ್ರೋಲೇ ಬದಲಾಗಿದೆ. ೨೦೨೩ರ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿ ನಡೆದ ಇಂಧನ ಸಮ್ಮೇಳನದಲ್ಲಿ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. ೨೦೨೫ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲಾಯಿತು. ಇದಕ್ಕೆ ಇ೨೦ ಎಂದು ಹೆಸರು. ಎಥನಾಲೆಂದರೆ ಕಬ್ಬಿನ ರಸ, ಕಾಕಂಬಿ, ಮುಸುಕಿನ ಜೋಳ, ನುಚ್ಚಕ್ಕಿ ಮೊದಲಾದವುಗಳಿಂದ ತೆಗೆದ ಮದ್ಯಸಾರ. ಈ ಯೋಚನೆ ಹೊಸದೇನೂ ಅಲ್ಲ. ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವುದಕ್ಕಾಗಿ ನಮ್ಮ ದೇಶದಲ್ಲಿ ೧೯೪೮ರಷ್ಟು ಹಿಂದೆಯೇ ಒಂದು ಕಾಯಿದೆಯಾಗಿತ್ತು.

ಎಥನಾಲಿನ ತಾಳ್ಮೆ ದೊಡ್ಡದು. ಅದರ ಆಕ್ಟೇನ್ ಅಂಕಿ ನೂರನ್ನು ಮೀರುವುದು. ಆದಕಾರಣ ಅದು ಸೇರಿದ ಸಾದಾ ಪೆಟ್ರೋಲಿನ ಅಂಕಿಯೂ ಈಗ ೯೫ರವರೆಗೆ ಏರಿದೆಯೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವು ೨೦೨೫ರ ಆಗಸ್ಟಿನ ತನ್ನ ವಿವರಣೆಯಲ್ಲಿ ತಿಳಿಸಿತು. ಅಂದು ನಮ್ಮ ಹುಡುಗನು ಹೆಚ್ಚು ಹಣ ಕೊಟ್ಟು ಕೊಂಡ ತಾಳ್ಮೆಯು ಇಂದು ಸಾದಾ ಕೊಳಾಯಿಯಲ್ಲಿಯೇ ಬರುತ್ತಿದೆ. ಬೆಲೆ ಹೆಚ್ಚಿನ ಬಗೆಗಳಲ್ಲಿ ಎಂಜಿನ್ನನ್ನು ಶುಚಿಯಾಗಿಡುವ ಕೆಲವು ದ್ರವ್ಯಗಳನ್ನು ಸೇರಿಸುವುದುಂಟು, ಅದು ಬೇರೆ ಮಾತು. ತಾಳ್ಮೆಗಾಗಿಯೇ ಹೆಚ್ಚಿಗೆ ಕೊಡುವುದು ಸಣ್ಣ ವಾಹನದವನಿಗೆ ಈಗಂತೂ ವ್ಯರ್ಥ. ೨೦೨೪ರ ಜೂನಿನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದಾಗ ಬೆಂಗಳೂರಿನಲ್ಲಿ ಸಾದಾ ಪೆಟ್ರೋಲೇ ಲೀಟರಿಗೆ ೧೦೨ ರೂಪಾಯಿಯನ್ನು ದಾಟಿತು. ಅದರ ಮೇಲೆ ವ್ಯರ್ಥವಾಗಿ ತೆರುವ ಒಂದೊಂದು ರೂಪಾಯಿಯೂ ಮನೆಯ ಲೆಕ್ಕಕ್ಕೆ ಬರತಕ್ಕದ್ದೇ.

ಆದರೆ ಎಥನಾಲಿಗೆ ತನ್ನವೇ ಆದ ಸ್ವಭಾವಗಳುಂಟು. ಮೊದಲನೆಯದು, ಅದರ ಲೀಟರಿನಲ್ಲಿರುವ ಶಾಖವು ಪೆಟ್ರೋಲಿನದಕ್ಕಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆ. ಹತ್ತು ಪಾಲು ಎಥನಾಲಿಗೆ ಹೊಂದಿಸಿದ ದ್ವಿಚಕ್ರ ವಾಹನಗಳಿಗೆ ಇ೨೦ ಹಾಕಿದರೆ ಮೈಲೇಜು ನೂರಕ್ಕೆ ಮೂರು ನಾಲ್ಕರಷ್ಟು ಇಳಿಯಬಹುದೆಂದು ನೀತಿ ಆಯೋಗದ ೨೦೨೧ರ ವರದಿ ಅಂದಾಜುಮಾಡಿತ್ತು. ಲೀಟರಿಗೆ ಅರವತ್ತು ಕಿಲೋಮೀಟರು ಓಡುತ್ತಿದ್ದ ವಾಹನವು ಐವತ್ತೆಂಟು ಓಡಿದರೆ ಮಕ್ಕಳನ್ನು ಗದರಿಸಬೇಕಾದುದಿಲ್ಲ. ಅರವತ್ತು ಇದ್ದುದು ನಲವತ್ತೈದಕ್ಕೆ ಇಳಿದರೆ ಮಾತ್ರ ಕಾರಣ ಬೇರೆಯಿದೆ, ಮೆಕ್ಯಾನಿಕ್ಕಿಗೆ ತೋರಿಸಬೇಕು.

ಎರಡನೆಯದು, ಹಳೆಯ ರಬ್ಬರಿಗೂ ಎಥನಾಲಿಗೂ ಆಗದು. ೨೦೨೩ರ ಏಪ್ರಿಲಿನಿಂದೀಚೆಗೆ ತಯಾರಾದ ವಾಹನಗಳ ಕೊಳವೆ, ವಾಷರುಗಳು ಇದನ್ನು ತಾಳುವಂತೆ ಮಾಡಿದವು. ಅದಕ್ಕೆ ಮೊದಲಿನ ವಾಹನಗಳಲ್ಲಿ, ಅದರಲ್ಲಿಯೂ ೧೯೬೧ರಿಂದ ೧೯೯೬ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳಂಥ ಹಳೆಯವನ್ನು ಅಭಿಮಾನದಿಂದ ಇಟ್ಟುಕೊಂಡಿರುವವರು, ಪೆಟ್ರೋಲಿನ ಕೊಳವೆಯನ್ನು ಆಗಾಗ್ಗೆ ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ, ಇಲ್ಲವೆ ಉಬ್ಬಿ ಮೆತ್ತಗಾಗಿದ್ದರೆ, ಅಂದೇ ಬದಲಾಯಿಸತಕ್ಕದ್ದು. ಕೊಳವೆಯ ಬೆಲೆ ಅಲ್ಪ. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲಿನಿಂದ ಬರಬಹುದಾದ ಅನಾಹುತ ಅಲ್ಪವಲ್ಲ. ಮನೆಯೊಳಗೆ ನಿಲ್ಲಿಸಿದ ವಾಹನದಿಂದ ಪೆಟ್ರೋಲಿನ ವಾಸನೆ ಬಂದರೆ ಗೃಹಿಣಿಯರು ಅದನ್ನು ಸಾಮಾನ್ಯವೆಂದು ಬಿಡಬಾರದು.

ಮೂರನೆಯದು, ಎಥನಾಲಿಗೆ ನೀರಿನ ಮೇಲೆ ಮೋಹ. ಟ್ಯಾಂಕಿಗೆ ನೀರು ಸೇರಿ ಒಂದು ಮಿತಿಯನ್ನು ಮೀರಿತೆಂದರೆ, ಎಥನಾಲು ಪೆಟ್ರೋಲಿನ ಸಹವಾಸವನ್ನು ಬಿಟ್ಟು ನೀರಿನೊಡನೆ ಕೂಡಿ ತಳಕ್ಕೆ ಇಳಿಯುವುದು. ಆಗ ಎಂಜಿನ್ನಿಗೆ ಮೊದಲು ಹೋಗುವುದು ಆ ನೀರೇ. ಮೇಲುಳಿದ ಪೆಟ್ರೋಲಿನ ಆಕ್ಟೇನೂ ಇಳಿದಿರುತ್ತದೆ. ಆದಕಾರಣ ವಾಹನವನ್ನು ತೊಳೆಯುವಾಗ ಟ್ಯಾಂಕಿನ ಮುಚ್ಚಳದ ಮೇಲೆ ನೀರಿನ ಪೈಪನ್ನು ಹಿಡಿಯಬಾರದು. ಮುಚ್ಚಳದ ರಬ್ಬರು ಹರಿದಿದ್ದರೆ ಮಳೆಗಾಲಕ್ಕೆ ಮುಂಚೆ ಹೊಸದನ್ನು ಹಾಕಿಸಬೇಕು. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಹಾಗಿದ್ದರೆ, ಹಳೆಯ ಮಾದರಿಯ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲನ್ನು ಬರಿದುಮಾಡಿಸುವುದು ಒಳ್ಳೆಯದು.

ಹಾಗಾದರೆ ಆರಿಸುವ ಕ್ರಮವೇನು? ವಾಹನದೊಡನೆ ಬಂದ ಕೈಪಿಡಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಓದಬೇಕು. ಬಹುಮಟ್ಟಿಗೆ ಯಾರೂ ಓದದ ಗ್ರಂಥವದು. ಅದರಲ್ಲಿ ಆಕ್ಟೇನ್ ಅಂಕಿಯೂ, ಎಥನಾಲ್ ಎಷ್ಟರವರೆಗೆ ಆಗಬಹುದೆಂಬುದೂ ಬರೆದಿರುತ್ತದೆ. ಕೆಲವು ವಾಹನಗಳಲ್ಲಿ ಟ್ಯಾಂಕಿನ ಮುಚ್ಚಳದ ಬಳಿಯಲ್ಲಿಯೂ ಚೀಟಿ ಅಂಟಿಸಿರುವರು. ಅಲ್ಲಿ ಹೇಳಿದಷ್ಟು ಹಾಕಬೇಕು. ಕಡಿಮೆಯೂ ಬೇಡ, ಹೆಚ್ಚೂ ಬೇಡ. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದೆಯೆಂಬ ಶಂಕೆ ಬಂದರೆ ಬಂಕಿನಲ್ಲಿಯೇ ಫಿಲ್ಟರ್ ಕಾಗದವನ್ನು ಕೇಳಿ ಪಡೆಯುವ ಹಕ್ಕು ಪ್ರತಿಯೊಬ್ಬ ಗಿರಾಕಿಗೂ ಉಂಟು. ಒಂದು ತೊಟ್ಟನ್ನು ಅದರ ಮೇಲೆ ಬಿಟ್ಟರೆ ಶುದ್ಧ ಪೆಟ್ರೋಲು ಕಲೆ ಉಳಿಸದೆ ಆರಿಹೋಗುವುದು. ಸೀಮೆಎಣ್ಣೆಯು ಆಕ್ಟೇನನ್ನು ಇಳಿಸಿ ಮಸಿಯನ್ನು ಕಟ್ಟುವ ಪದಾರ್ಥ. ಕಲಬೆರಕೆಯಿಂದಲೂ ಬಡಿತ ಬರಬಹುದು.

ಎಲ್ಲಕ್ಕೂ ಮಿಗಿಲಾಗಿ, ಹಿಂದೆ ಸಾದಾ ಪೆಟ್ರೋಲಿನಲ್ಲಿ ಸುಮ್ಮನೆ ಓಡುತ್ತಿದ್ದ ವಾಹನವು ಈಗ ಬಡಿಯತೊಡಗಿದರೆ, ಬೆಲೆಯ ಪೆಟ್ರೋಲಿನ ಕಡೆಗೆ ಓಡಬೇಡಿರಿ. ಎಂಜಿನ್ ಆಯಿಲಿನ ಮಟ್ಟವನ್ನು ನೋಡಿಸಿರಿ, ಪ್ಲಗ್ಗನ್ನು ಬಿಚ್ಚಿಸಿ ಮಸಿಯನ್ನು ನೋಡಿಸಿರಿ. ನಮ್ಮ ಹುಡುಗನು ಈಗ ಹದಿನೈದು ದಿನಕ್ಕೊಮ್ಮೆ ಆಯಿಲಿನ ಕಡ್ಡಿಯನ್ನು ತೆಗೆದು ಒರಸಿ ನೋಡುತ್ತಾನೆ. ಸಾದಾ ಪೆಟ್ರೋಲನ್ನೇ ಹಾಕುತ್ತಾನೆ. ಉಳಿದ ಐದಾರು ರೂಪಾಯಿಗಳನ್ನು ತಾಯಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಾಳಂತೆ. ಆಯಿಲು ಬದಲಾಯಿಸುವ ಖರ್ಚು ಅದರಿಂದಲೇ ನಡೆಯುತ್ತದೆ. ಮೊನ್ನೆ ಅವನ ಹಿಂದೆ ಕುಳಿತು ನಾವೂ ಹೊಸಕೋಟೆಗೆ ಹೋಗಿಬಂದೆವು. ಏರಿನಲ್ಲಿ ಕಿವಿಗೊಟ್ಟು ಕೇಳಿದೆವು. ಯಾವ ಸದ್ದೂ ಇರಲಿಲ್ಲ.